ಟಾಸ್ಕ್ ಲಿಸ್ಟಿನಲ್ಲಿ ಯಾವುದು ಮೊದಲು? ಚಿಕ್ಕಮಗಳೂರು, ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ತೋಟ, ಹೋಂಸ್ಟೇ, ಕಟ್ಟಡದ ಕಂಟ್ರಾಕ್ಟ್, ಕಾಲೇಜಿನ ಪ್ರಾಜೆಕ್ಟ್, ಹೀಗೆ ನಮ್ಮ ಕಡೆ ಎಲ್ಲ ಕೆಲಸದ ಪಟ್ಟಿಯೂ ನಿಧಾನವಾಗಿ ಡೈರಿಯಿಂದ ಮೊಬೈಲಿಗೆ ಬರುತ್ತಿದೆ. ಕೆಲವರು ಟ್ರೆಲೋ ಬಳಸುತ್ತಾರೆ. ಕೆಲವರು ಅಸಾನಾ, ಜಿರಾ ಅಥವಾ ಮೈಕ್ರೋಸಾಫ್ಟ್ ಪ್ರಾಜೆಕ್ಟ್. ಗೂಗಲ್ ಶೀಟಿನಲ್ಲೇ ಎಲ್ಲ ನಡೆಸುವವರೂ ಬೇಕಾದಷ್ಟಿದ್ದಾರೆ. ಸಾಫ್ಟ್‌ವೇರ್ ಯಾವುದಾದರೂ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ. ಪಟ್ಟಿ ಉದ್ದ ಇದೆ, ಆದರೆ ಯಾವುದರಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಗುವುದಿಲ್ಲ.

ನಾನು ಒಂದು ಪಟ್ಟಿ ಸರಿ ಇದೆಯಾ ಅಂತ ನೋಡುವುದು ಹೀಗೆ: ಬೆಳಿಗ್ಗೆ ಅದನ್ನು ತೆರೆದವರು ಯಾರಿಗೂ ಫೋನ್ ಮಾಡದೆ ಮೇಲಿನ ಸಾಲಿನಿಂದ ಕೆಲಸ ಶುರು ಮಾಡಬಹುದಾ? ಕೆಳಗಿನ ಉತ್ತರಗಳನ್ನೆಲ್ಲ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಸಾರ್ಟ್ ಮಾಡುವುದು, ಕೈಯಿಂದ ಎಳೆದು ಜೋಡಿಸುವುದು ಎರಡೂ ಒಂದೇ ಅಲ್ವಾ?

ಬೇರೆ ಬೇರೆ. ಇದೊಂದು ಅರ್ಥವಾದರೆ ಅರ್ಧ ಗೊಂದಲ ಹೋಗುತ್ತದೆ.

ಸಾರ್ಟ್ ಅಂದರೆ ಸಾಫ್ಟ್‌ವೇರಿಗೆ ಒಂದು ನಿಯಮ ಕೊಡುವುದು. ತಾರೀಕಿನ ಪ್ರಕಾರ, ಹೆಸರಿನ ಪ್ರಕಾರ, ಯಾರಿಗೆ ವಹಿಸಿದ್ದೀರೋ ಅವರ ಪ್ರಕಾರ. ನಿಯಮಕ್ಕೆ ಗೊತ್ತಿರುವುದು ಆ ಕಾಲಂನಲ್ಲಿ ಬರೆದದ್ದು ಮಾತ್ರ. ಕೈಯಿಂದ ಜೋಡಿಸಿದ ಕ್ರಮದಲ್ಲಿ ನಿಮ್ಮ ತೀರ್ಮಾನ ಇರುತ್ತದೆ. ನಾಳೆ ಮೋಡ ಇರುತ್ತದೆ, ಆದ್ದರಿಂದ ಕಣದ ಕೆಲಸ ಇವತ್ತೇ ಆಗಲಿ ಅಂತ ನೀವು ಅದನ್ನು ಮೇಲಕ್ಕೆ ಎಳೆದಿರುತ್ತೀರಿ. ಆ ಕಾರಣ ಯಾವ ಕಾಲಂನಲ್ಲೂ ಇಲ್ಲ.

ಬಹಳಷ್ಟು ಸಾಫ್ಟ್‌ವೇರ್‌ಗಳು ಈ ಕೈಕ್ರಮವನ್ನು ಬೇರೆಯಾಗಿಯೇ ನೆನಪಿಟ್ಟುಕೊಳ್ಳುತ್ತವೆ. ಟ್ರೆಲೋದಲ್ಲಿ ಪ್ರತಿ ಕಾರ್ಡಿಗೂ ಒಂದು ಸ್ಥಾನದ ಸಂಖ್ಯೆ ಇರುತ್ತದೆ. 1000 ಮತ್ತು 2000 ಅನ್ನುವ ಸ್ಥಾನಗಳ ನಡುವೆ ಇನ್ನೊಂದು ಕಾರ್ಡ್ ತಂದಿಟ್ಟರೆ ಅದಕ್ಕೆ 1500ರ ಹಾಗೆ ಒಂದು ನಡುವಿನ ಸಂಖ್ಯೆ ಸಿಗುತ್ತದೆ. ಉಳಿದ ಕಾರ್ಡ್‌ಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಜಿರಾ ಇದೇ ಕೆಲಸವನ್ನು ಸಂಖ್ಯೆಯ ಬದಲು ಅಕ್ಷರಗಳ ಸಾಲಿನಿಂದ ಮಾಡುತ್ತದೆ. ಅದಕ್ಕೆ ಲೆಕ್ಸೋರ್ಯಾಂಕ್ ಅನ್ನುತ್ತಾರೆ. ಎರಡು ಟಾಸ್ಕ್‌ಗಳ ನಡುವೆ ಇನ್ನೊಂದಕ್ಕೆ ಜಾಗ ಮಾಡಿಕೊಳ್ಳುವುದೇ ಎರಡರ ಉದ್ದೇಶ.

ಗೂಗಲ್ ಶೀಟಿನಲ್ಲಿ ಮಾತ್ರ ಇಂಥದ್ದು ಇಲ್ಲ. ಅಲ್ಲಿ ಸಾಲು ಯಾವ ಜಾಗದಲ್ಲಿದೆಯೋ ಅದೇ ಅದರ ಕ್ರಮ. ಒಮ್ಮೆ ಹೆಸರಿನ ಪ್ರಕಾರ ಸಾರ್ಟ್ ಮಾಡಿದರೆ ನೀವು ಕೂತು ಜೋಡಿಸಿದ್ದು ಹೋಯಿತು. ಅದಕ್ಕೇ ಶೀಟ್ ಬಳಸುವವರು ಮೊದಲ ಕಾಲಂನಲ್ಲಿ 10, 20, 30 ಅಂತ ಕ್ರಮಸಂಖ್ಯೆ ಬರೆದಿಡಿ. ನಡುವೆ ಹೊಸ ಕೆಲಸ ಬಂದರೆ 15 ಕೊಡಿ. ಯಾರು ಹೇಗೆ ಸಾರ್ಟ್ ಮಾಡಿದರೂ ಆ ಕಾಲಂ ಮೇಲೆ ಮತ್ತೆ ಸಾರ್ಟ್ ಮಾಡಿದರೆ ನಿಮ್ಮ ಕ್ರಮ ವಾಪಸ್ ಬರುತ್ತದೆ.

ಟಾಸ್ಕನ್ನು ಮೇಲಕ್ಕೆ ಎಳೆದರೂ ಮತ್ತೆ ಹಳೇ ಜಾಗಕ್ಕೇ ಹೋಗಿ ಕೂರುತ್ತದೆ. ಯಾಕೆ?

ಮೇಲೆ ಒಂದು ಸಾರ್ಟ್ ಚಾಲೂ ಇದೆ. ತಾರೀಕಿನ ಪ್ರಕಾರ ಜೋಡಿಸು ಅಂತ ಹೇಳಿರುವಾಗ ನೀವು ಎಳೆದದ್ದನ್ನು ಅದು ಒಪ್ಪಲು ಸಾಧ್ಯವಿಲ್ಲ. ಅಸಾನಾದಲ್ಲಿ ಸಾರ್ಟ್ ಅನ್ನುವಲ್ಲಿ ಹೋಗಿ ಅದನ್ನು ತೆಗೆದುಹಾಕಿ. ಕೈಕ್ರಮ ಮತ್ತೆ ಕಾಣುತ್ತದೆ, ಎಳೆಯಲೂ ಆಗುತ್ತದೆ.

ಜಿರಾ ಬೋರ್ಡಿನಲ್ಲಿ ಎಳೆಯಲು ಆಗದಿದ್ದರೆ ಎರಡು ಕಡೆ ನೋಡಿ. ಬೋರ್ಡಿನ ಹಿಂದಿರುವ ಫಿಲ್ಟರ್ 'ಆರ್ಡರ್ ಬೈ ರ್ಯಾಂಕ್' ಅಂತ ಮುಗಿಯಬೇಕು. ಅಲ್ಲಿ ಡ್ಯೂ ಡೇಟ್ ಅಥವಾ ಪ್ರಯಾರಿಟಿ ಅಂತ ಇದ್ದರೆ ರ್ಯಾಂಕ್, ಅಂದರೆ ನಿಮ್ಮ ಕೈಕ್ರಮ, ಕೆಲಸ ಮಾಡುವುದಿಲ್ಲ. ಅದು ಸರಿ ಇದ್ದರೆ ಅನುಮತಿ ನೋಡಿ. ಟಾಸ್ಕ್ ಶೆಡ್ಯೂಲ್ ಮಾಡುವ ಅನುಮತಿ ನಿಮ್ಮ ಖಾತೆಗೆ ಇಲ್ಲದಿದ್ದರೆ ಕ್ರಮ ಬದಲಿಸಲು ಬಿಡುವುದಿಲ್ಲ.

ನಾನು ಸಾರ್ಟ್ ಮಾಡಿದರೆ ಬೇರೆಯವರ ಸ್ಕ್ರೀನಿನಲ್ಲೂ ಬದಲಾಗುತ್ತದಾ?

ಇದನ್ನು ತಿಳಿಯದೆ ಮನೆಮಂದಿ ನಡುವೆಯೇ ಮಾತಿಗೆ ಮಾತು ಬೆಳೆದದ್ದನ್ನು ಕಂಡಿದ್ದೇನೆ. ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ.

ಟ್ರೆಲೋದಲ್ಲಿ ಒಂದು ಲಿಸ್ಟಿನ ಮೆನುವಿನಿಂದ ಸಾರ್ಟ್ ಮಾಡಿದರೆ ಕಾರ್ಡ್‌ಗಳು ನಿಜವಾಗಿಯೂ ಜಾಗ ಬದಲಿಸುತ್ತವೆ, ಎಲ್ಲರಿಗೂ ಬದಲಾಗುತ್ತದೆ. ಅದು ಆ ಕ್ಷಣಕ್ಕೆ ಮಾತ್ರ. ನಾಳೆ ಸೇರಿಸಿದ ಕಾರ್ಡ್ ತಾನಾಗಿ ಸರಿಯಾದ ತಾರೀಕಿನ ಜಾಗಕ್ಕೆ ಹೋಗಿ ಕೂರುವುದಿಲ್ಲ. ಅಸಾನಾದಲ್ಲಿ ನೀವು ಸುಮ್ನೆ ಸಾರ್ಟ್ ಮಾಡಿ ನೋಡಿದರೆ ನಿಮಗೆ ಮಾತ್ರ. ಆ ನೋಟವನ್ನು ಸೇವ್ ಮಾಡಿದರೆ ಉಳಿದವರಿಗೂ.

ಗೂಗಲ್ ಶೀಟಿನಲ್ಲಿ ಸಾಮಾನ್ಯ ಫಿಲ್ಟರ್ ಹಾಕಿ ಸಾರ್ಟ್ ಮಾಡಿದರೆ ಎಲ್ಲರ ಸಾಲುಗಳೂ ಕದಲುತ್ತವೆ. 'ಫಿಲ್ಟರ್ ವ್ಯೂ' ಅಂತ ಬೇರೆ ಒಂದಿದೆ. ಅದರೊಳಗೆ ನೀವು ಹೇಗೆ ಸಾರ್ಟ್ ಮಾಡಿದರೂ ಮೂಲ ಪಟ್ಟಿ ಅಲುಗಾಡುವುದಿಲ್ಲ. ಇಬ್ಬರಿಗಿಂತ ಜಾಸ್ತಿ ಜನ ಬಳಸುವ ಶೀಟಿನಲ್ಲಿ ಎಲ್ಲರೂ ಫಿಲ್ಟರ್ ವ್ಯೂ ಬಳಸುವುದನ್ನೇ ರೂಢಿ ಮಾಡಿಕೊಳ್ಳಿ. ಇಲ್ಲದಿದ್ದರೆ ಬೇರೆ ಟ್ಯಾಬಿನಲ್ಲಿ ಸಾರ್ಟ್ ಫಂಕ್ಷನ್ ಹಾಕಿ. ಮೂಲ ಪಟ್ಟಿ ಹಾಗೇ ಇರುತ್ತದೆ, ಜೋಡಿಸಿದ ನಕಲು ಪಕ್ಕದಲ್ಲಿ ಕಾಣುತ್ತದೆ.

ಮೈಕ್ರೋಸಾಫ್ಟ್ ಪ್ರಾಜೆಕ್ಟಿನಲ್ಲಿ ಸಾರ್ಟ್ ಕಿಟಕಿಯ ಕೆಳಗೆ ಟಾಸ್ಕ್‌ಗಳಿಗೆ ಶಾಶ್ವತವಾಗಿ ಹೊಸ ನಂಬರ್ ಕೊಡುವ ಒಂದು ಟಿಕ್ ಬಾಕ್ಸ್ ಇದೆ. ಅದನ್ನು ಖಾಲಿ ಬಿಡಿ. ಟಿಕ್ ಮಾಡಿ ಒತ್ತಿದರೆ ಪ್ರತಿ ಟಾಸ್ಕಿನ ಐಡಿಯೇ ಬದಲಾಗುತ್ತದೆ, ಹಳೇ ಪ್ರಿಂಟ್ ಹಿಡಿದವರು '14ನೇ ಕೆಲಸ' ಅಂದರೆ ಅದು ಬೇರೇನೋ ಆಗಿರುತ್ತದೆ. ಟಿಕ್ ಇಲ್ಲದಿದ್ದರೆ ಶಿಫ್ಟ್ ಹಿಡಿದು ಎಫ್3 ಒತ್ತಿದರೆ ಐಡಿ ಕ್ರಮಕ್ಕೆ ವಾಪಸ್ ಬರುತ್ತದೆ.

ಶೀಟಿನಲ್ಲಿ ಸಾರ್ಟ್ ಮಾಡಿದ ಮೇಲೆ ಒಬ್ಬರ ಕೆಲಸ ಇನ್ನೊಬ್ಬರ ಹೆಸರಿನ ಮುಂದೆ ಬಂದಿದೆ!

ಒಂದೇ ಕಾಲಂ ಆಯ್ಕೆ ಮಾಡಿ 'ಸಾರ್ಟ್ ರೇಂಜ್' ಕೊಟ್ಟಿದ್ದೀರಿ. ತಾರೀಕುಗಳು ಮಾತ್ರ ಮೇಲೆ ಕೆಳಗೆ ಹೋಗಿ, ಪಕ್ಕದ ಹೆಸರುಗಳು ಅಲ್ಲೇ ಉಳಿದಿವೆ. ಎಕ್ಸೆಲ್ ಇಂಥ ಕಡೆ ಪಕ್ಕದ ಕಾಲಂಗಳನ್ನೂ ಸೇರಿಸಬೇಕಾ ಅಂತ ಕೇಳುತ್ತದೆ. ಕೇಳಿದ್ದನ್ನು ಓದದೆ ಓಕೆ ಒತ್ತಬೇಡಿ.

ಕೂಡಲೇ ಗೊತ್ತಾದರೆ ಅನ್‌ಡೂ ಮಾಡಿ. ಎರಡು ದಿನ ಕಳೆದು ಗೊತ್ತಾದರೆ ಗೂಗಲ್ ಶೀಟಿನ ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ಇದೆ, ಅಲ್ಲಿಂದ ಹಳೆಯದನ್ನು ತೆಗೆಯಬಹುದು. ಮುಂದೆ ಹೀಗಾಗದಿರಲು ತಲೆಬರಹದ ಸಾಲನ್ನು ಫ್ರೀಜ್ ಮಾಡಿ, 'ಸಾರ್ಟ್ ಶೀಟ್' ಬಳಸಿ. ಆಗ ಇಡೀ ಸಾಲು ಒಟ್ಟಿಗೆ ಚಲಿಸುತ್ತದೆ, ತಲೆಬರಹ ಮೇಲೇ ಉಳಿಯುತ್ತದೆ.

ಡ್ಯೂ ಡೇಟ್ ಪ್ರಕಾರ ಜೋಡಿಸಿದರೆ ಸಾಕಲ್ವಾ? ಇಷ್ಟೆಲ್ಲ ಯಾಕೆ?

ಕಚೇರಿ ಕೆಲಸಕ್ಕೆ ಎಷ್ಟೋ ಸಲ ಸಾಕು. ತೋಟಕ್ಕೆ, ಕಟ್ಟಡಕ್ಕೆ ಸಾಕಾಗುವುದಿಲ್ಲ.

ಕಾಫಿ ಗಿಡಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆಯನ್ನೇ ತೆಗೆದುಕೊಳ್ಳಿ. ಎಲೆ ತುಕ್ಕು ರೋಗಕ್ಕೆ ಮುಂಗಾರು ಹಿಡಿಯುವ ಮುಂಚೆ ಒಂದು ಸುತ್ತು ಆಗಬೇಕು. ಪಟ್ಟಿಯಲ್ಲಿ ಅದರ ಕೊನೆಯ ದಿನ ಮೇ 31 ಅಂತ ಬರೆದಿದ್ದೀರಿ. ತೋಟ ದೊಡ್ಡದು, ಮುಗಿಸಲು 10 ದಿನ ಬೇಕು. ಮೇ 25ಕ್ಕೆ ಮುಗಿಯಬೇಕಾದ ಒಂದು ದಿನದ ಕೆಲಸ ಅದಕ್ಕಿಂತ ಮೇಲೆ ಕೂತಿರುತ್ತದೆ. ನಿಜವಾಗಿ ಸಿಂಪಡಣೆ 22ಕ್ಕೇ ಶುರುವಾಗಬೇಕು, ಆ ಇನ್ನೊಂದು ಕೆಲಸಕ್ಕೆ 25ರವರೆಗೂ ಸಮಯ ಇದೆ. ಹೀಗಾಗಿ ಕೆಲಸಗಳನ್ನು ಬೇರೆ ಬೇರೆ ಜನ ಮಾಡುವ ಕಡೆ ಡ್ಯೂ ಡೇಟಿನ ಜೊತೆ ಎಷ್ಟು ದಿನ ಬೇಕು ಅನ್ನುವ ಕಾಲಂ ಇಡಿ. ಡ್ಯೂ ಡೇಟಿನಿಂದ ಆ ದಿನಗಳನ್ನು ಕಳೆದು, ಒಂದು ಸೇರಿಸಿ 'ಇದಕ್ಕಿಂತ ತಡವಾಗಿ ಶುರು ಮಾಡುವಂತಿಲ್ಲ' ಅನ್ನುವ ತಾರೀಕು ತೆಗೆಯಿರಿ. ಅದರ ಮೇಲೆ ಸಾರ್ಟ್ ಮಾಡಿ. ಬಿಳಿ ಕಾಂಡಕೊರಕ ಅನ್ನುವ ಹುಳು ಹಿಡಿದ ಕಾಫಿ ಗಿಡ ಹುಡುಕಿ ಕೀಳುವುದೂ ಹೀಗೆಯೇ. ಅದರ ದುಂಬಿ ಹಾರಾಟ ಶುರುವಾಗುವ ಏಪ್ರಿಲ್‌ಗೆ ಮುಂಚೆ ಮುಗಿದರೆ ಉಪಯೋಗ. ಏಪ್ರಿಲ್ ಕೊನೆ ಅಂತ ಡ್ಯೂ ಡೇಟ್ ಹಾಕಿದರೆ ಸಾಫ್ಟ್‌ವೇರ್ ನಂಬುತ್ತದೆ, ದುಂಬಿ ನಂಬುವುದಿಲ್ಲ.

ಇನ್ನೊಂದು ವಿಷಯ ಇದೆ. ಯಾವ ಕ್ರಮ ಒಳ್ಳೆಯದು ಅನ್ನುವುದು ನಿಮಗೆ ಏನು ಬೇಕು ಅನ್ನುವುದರ ಮೇಲೆ ನಿಂತಿದೆ. ಈ ಬಗ್ಗೆ ಗಣಿತದಲ್ಲೇ ಕೆಲಸ ಆಗಿದೆ. ಒಂದು ಲೆಕ್ಕ ನೋಡೋಣ. ನಿಮ್ಮ ಹತ್ತಿರ ಒಂದೇ ಗ್ಯಾಂಗ್ ಇದೆ, ಮೂರು ಕೆಲಸ ಇದೆ. ಆನೆ ಬರುವ ಕಡೆ ಸೋಲಾರ್ ಬೇಲಿ, 6 ದಿನ. ಕಣ ರಿಪೇರಿ, 2 ದಿನ. ಮೋಟರ್ ಶೆಡ್, 1 ದಿನ. ಬೇಲಿಯಿಂದ ಶುರು ಮಾಡಿದರೆ ಕೆಲಸಗಳು 6, 8, 9ನೇ ದಿನ ಮುಗಿಯುತ್ತವೆ. ಸಣ್ಣದರಿಂದ ಶುರು ಮಾಡಿದರೆ 1, 3, 9ನೇ ದಿನ. ಒಟ್ಟು 9 ದಿನವೇ. ಆದರೆ ಒಂದು ಕೆಲಸ ಮುಗಿಯಲು ಸರಾಸರಿ ಕಾಯುವ ಸಮಯ ಏಳೂವರೆಗಿಂತ ಜಾಸ್ತಿ ದಿನದಿಂದ ನಾಲ್ಕೂಕಾಲು ದಿನದ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಕೆಲಸ ಮೊದಲು ಮಾಡಿದರೆ ಈ ಸರಾಸರಿ ಎಲ್ಲಕ್ಕಿಂತ ಕಡಿಮೆ ಇರುತ್ತದೆ ಅಂತ ಡಬ್ಲ್ಯು.ಇ. ಸ್ಮಿತ್ 1956ರಲ್ಲಿ ತೋರಿಸಿದರು.

ಈಗ ಗಡುವು ಸೇರಿಸಿ. ಬೇಲಿ 6ನೇ ದಿನಕ್ಕೆ, ಮೋಟರ್ ಶೆಡ್ 8ಕ್ಕೆ, ಕಣ 9ಕ್ಕೆ ಮುಗಿಯಬೇಕು. ಸಣ್ಣದು ಮೊದಲು ಅಂತ ಹೋದರೆ ಬೇಲಿ ಮೂರು ದಿನ ತಡ. ಗಡುವಿನ ಕ್ರಮದಲ್ಲಿ ಮಾಡಿದರೆ 6, 7, 9. ಯಾವುದೂ ತಡ ಇಲ್ಲ. ಒಬ್ಬರೇ ಮಾಡುವ, ಎಲ್ಲವೂ ಇವತ್ತೇ ಶುರು ಮಾಡಲು ಸಿದ್ಧ ಇರುವ ಕೆಲಸಗಳಲ್ಲಿ ಗಡುವಿನ ಕ್ರಮವೇ ಅತಿ ಹೆಚ್ಚಿನ ತಡವನ್ನು ಕಡಿಮೆ ಮಾಡುತ್ತದೆ. ಇದನ್ನು ಹೇಳಿದ್ದು ಜೆ.ಆರ್. ಜಾಕ್ಸನ್, 1955ರಲ್ಲಿ.

ಹಾಗಾಗಿ ಒಂದೇ ಗ್ಯಾಂಗ್ ಇರುವಲ್ಲಿ ನನ್ನ ಸಲಹೆ: ತಡವಾದರೆ ನಷ್ಟ ಇರುವ ಕೆಲಸಗಳಿಗೆ ಗಡುವಿನ ಕ್ರಮ. ಬರೀ ಬಾಕಿ ಬಿದ್ದಿರುವ, ಯಾರೋ ಕಾಯುತ್ತಿರುವ ಚಿಲ್ಲರೆ ಕೆಲಸಗಳಿಗೆ ಸಣ್ಣದು ಮೊದಲು. ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಬೇಡಿ, ಎರಡು ಸೆಕ್ಷನ್ ಮಾಡಿ.

ತಾರೀಕು ಹಾಕದ ಟಾಸ್ಕ್‌ಗಳು ಎಲ್ಲಿಗೆ ಹೋಗುತ್ತವೆ?

ಕೆಲವು ಸಾಫ್ಟ್‌ವೇರಿನಲ್ಲಿ ಎಲ್ಲಕ್ಕಿಂತ ಮೇಲೆ, ಕೆಲವದರಲ್ಲಿ ಎಲ್ಲಕ್ಕಿಂತ ಕೆಳಗೆ. ಹಿಂದಿರುವ ಡೇಟಾಬೇಸ್‌ಗಳೇ ಹೀಗೆ. ಏರಿಕೆ ಕ್ರಮದಲ್ಲಿ ಪೋಸ್ಟ್‌ಗ್ರೆಸ್ ಖಾಲಿ ಇದ್ದದ್ದನ್ನು ಕೊನೆಗೆ ಹಾಕುತ್ತದೆ, ಮೈಎಸ್‌ಕ್ಯೂಎಲ್ ಮೊದಲಿಗೆ ಹಾಕುತ್ತದೆ.

ಕೆಳಗೆ ಹೋದರೆ ಅಪಾಯ ಜಾಸ್ತಿ. ಉದ್ದ ಪಟ್ಟಿಯ ತಳದಲ್ಲಿ ಯಾರೂ ನೋಡುವುದಿಲ್ಲ. ವಾರಕ್ಕೊಮ್ಮೆ ತಾರೀಕು ಖಾಲಿ ಇರುವ ಟಾಸ್ಕ್‌ಗಳನ್ನು ಮಾತ್ರ ಫಿಲ್ಟರ್ ಮಾಡಿ ನೋಡಿ. ಒಂದೋ ತಾರೀಕು ಕೊಡಿ, ಇಲ್ಲಾ 'ಮುಂದೆ ನೋಡೋಣ' ಅನ್ನುವ ಬೇರೆ ಲಿಸ್ಟಿಗೆ ಹಾಕಿ. ಖಾಲಿ ಬಿಡಬಾರದು ಅಂತ ಸುಳ್ಳು ತಾರೀಕು ತುಂಬುವುದು ಇನ್ನೂ ಕೆಟ್ಟದ್ದು. ಸುಳ್ಳು ತಾರೀಕು ಕೆಂಪಾದಾಗ ಜನ ಕೆಂಪು ಬಣ್ಣವನ್ನೇ ಲೆಕ್ಕಕ್ಕೆ ಇಡುವುದಿಲ್ಲ.

ನಮ್ಮ ಪಟ್ಟಿಯಲ್ಲಿ ಎಲ್ಲ ಕೆಲಸವೂ 'ಹೈ ಪ್ರಯಾರಿಟಿ'. ಏನು ಮಾಡೋದು?

ಎಲ್ಲವೂ ಹೈ ಇದ್ದರೆ ಆ ಕಾಲಂ ಇದ್ದೂ ಇಲ್ಲದ ಹಾಗೆ. ಲೇಬಲ್ ಕೊಡುವುದು ಬಿಟ್ಟು ಕ್ರಮ ಕೊಡಿ. ಮೇಲಿಂದ ಒಂದು, ಎರಡು, ಮೂರು. ಎರಡು ಕೆಲಸ ಒಂದೇ ಸ್ಥಾನದಲ್ಲಿ ಇರಲು ಆಗುವುದಿಲ್ಲ, ಹಾಗಾಗಿ ತೀರ್ಮಾನ ಮಾಡಲೇಬೇಕಾಗುತ್ತದೆ. ಕಷ್ಟವಾದರೆ ಎರಡೆರಡನ್ನೇ ಹಿಡಿದು ಕೇಳಿ: ಇವತ್ತು ಒಂದೇ ಆಗುವುದಾದರೆ ಇದಾ, ಅದಾ? ತೋಟದ ಯಜಮಾನರು, ಲೆಕ್ಕ ಬರೆಯುವ ರೈಟರ್ ಇಬ್ಬರೂ ಕೂತು ಹೀಗೆ ಮಾಡಿದರೆ ಬೇಗ ಮುಗಿಯುತ್ತದೆ. ಕೆಳಗಿನ ಇಪ್ಪತ್ತು ಕೆಲಸಗಳ ನಡುವೆ ಯಾವುದು ಮೇಲೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ಏಳೆಂಟು ಸರಿ ಇದ್ದರೆ ಸಾಕು.

ಲೇಬಲ್ಲೇ ಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಜಿರಾದಂಥ ಸಾಫ್ಟ್‌ವೇರ್ ಪ್ರಯಾರಿಟಿಯನ್ನು ಅದರ ತೂಕದ ಪ್ರಕಾರ ಜೋಡಿಸುತ್ತದೆ. ಶೀಟಿಗೆ ತೂಕ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಇಂಗ್ಲಿಷ್‌ನಲ್ಲಿ ಹೈ, ಮೀಡಿಯಂ, ಲೋ ಅಂತ ಬರೆದು ಎ ಇಂದ ಜೆಡ್ ಸಾರ್ಟ್ ಮಾಡಿದರೆ ಹೈ ನಂತರ ಲೋ, ಕೊನೆಗೆ ಮೀಡಿಯಂ ಬರುತ್ತದೆ. ಕನ್ನಡದಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಅಂತ ಬರೆದರೆ ಅಕ್ಷರ ಕ್ರಮವೇ ಸರಿಯಾಗಿ ಬಂದುಬಿಡುತ್ತದೆ, ಉಲ್ಟಾ ಸಾರ್ಟ್ ಮಾಡಿದರೆ ಹೆಚ್ಚು ಮೇಲೆ ಬರುತ್ತದೆ. ಹೀಗೆ ಬಂದದ್ದು ಅದೃಷ್ಟ, 'ತುರ್ತು' ಅಂತ ನಾಲ್ಕನೆಯದನ್ನು ಸೇರಿಸಿದ ಕೂಡಲೇ ಅದು ಕಡಿಮೆ ಮತ್ತು ಮಧ್ಯಮದ ನಡುವೆ ಹೋಗಿ ಕೂರುತ್ತದೆ. ಲೇಬಲ್ಲಿನ ಶುರುವಿನಲ್ಲೇ 1, 2, 3 ಅಂತ ಸಂಖ್ಯೆ ಸೇರಿಸಿ ಬರೆಯುವುದೇ ಕ್ಷೇಮ.

ಮೊದಲು ತೋಟದ ಬ್ಲಾಕ್, ಅದರೊಳಗೆ ತಾರೀಕು: ಹೀಗೆ ಎರಡು ಹಂತದಲ್ಲಿ ಜೋಡಿಸಬಹುದಾ?

ಆಗುತ್ತದೆ. ಶೀಟಿನಲ್ಲಿ ಸಾರ್ಟ್ ರೇಂಜಿನ ವಿವರದ ಕಿಟಕಿಯಲ್ಲಿ ಎರಡನೇ ಕಾಲಂ ಸೇರಿಸಬಹುದು. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಮೂರು ಹಂತದವರೆಗೆ ಬಿಡುತ್ತದೆ. ಜಿರಾ ಫಿಲ್ಟರಿನಲ್ಲಿ ಆರ್ಡರ್ ಬೈ ನಂತರ ಕಾಲಂ ಹೆಸರುಗಳನ್ನು ಕಾಮಾ ಹಾಕಿ ಬರೆಯುತ್ತಾ ಹೋಗಿ. ಮೊದಲು ಬರೆದದ್ದು ದೊಡ್ಡ ಗುಂಪು.

ಬ್ಲಾಕ್ 1, ಬ್ಲಾಕ್ 10, ಬ್ಲಾಕ್ 11, ಆಮೇಲೆ ಬ್ಲಾಕ್ 2. ಇದೇನಿದು?

ಸಾಫ್ಟ್‌ವೇರ್ ಅದನ್ನು ಸಂಖ್ಯೆ ಅಂತ ಓದುತ್ತಿಲ್ಲ, ಅಕ್ಷರ ಅಂತ ಓದುತ್ತಿದೆ. 1 ಆದ ಮೇಲೆ 2 ಅನ್ನುವ ಅಕ್ಷರ ಬರುವ ಮುಂಚೆ 1ರಿಂದ ಶುರುವಾಗುವುದೆಲ್ಲ ಬಂದುಹೋಗಬೇಕು. ಬ್ಲಾಕ್ 01, ಬ್ಲಾಕ್ 02 ಅಂತ ಬರೆಯಿರಿ. ನೂರಕ್ಕಿಂತ ಜಾಸ್ತಿ ಇದ್ದರೆ 001.

ಜೂನ್ 5ರ ಕೆಲಸ ಮೇ ತಿಂಗಳಲ್ಲಿ ಬಂದು ಕೂತಿದೆ. ತಾರೀಕು ಸರಿಯಾಗೇ ಬರೆದಿದ್ದೆವು.

05/06/2025 ಅಂತ ಬರೆದಿರುತ್ತೀರಿ. ಶೀಟಿನ ಲೊಕೇಲ್, ಅಂದರೆ ಯಾವ ದೇಶದ ರೂಢಿಯಲ್ಲಿ ಓದಬೇಕು ಅನ್ನುವ ಸೆಟ್ಟಿಂಗ್, ಅಮೆರಿಕ ಅಂತ ಇದ್ದರೆ ಅದು ಮೊದಲ ಸಂಖ್ಯೆಯನ್ನು ತಿಂಗಳು ಅಂತ ಓದುತ್ತದೆ. ಹಾಗಾಗಿ ಮೇ 6. ಇನ್ನೂ ತಲೆನೋವು ಏನೆಂದರೆ 25/06/2025 ಅಂತ ಬರೆದಾಗ 25ನೇ ತಿಂಗಳು ಇಲ್ಲದ್ದರಿಂದ ಅದನ್ನು ತಾರೀಕು ಅಂತಲೇ ಒಪ್ಪುವುದಿಲ್ಲ, ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಸಾರ್ಟ್ ಮಾಡಿದರೆ ನಿಜವಾದ ತಾರೀಕುಗಳೆಲ್ಲ ಮುಗಿದ ಮೇಲೆ ಇಂಥವು ಬರುತ್ತವೆ. ಗುರುತು ಹಿಡಿಯುವುದು ಸುಲಭ. ನೀವೇ ಅಲೈನ್ ಬದಲಿಸಿಲ್ಲದಿದ್ದರೆ ತಾರೀಕು ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರ ಎಡಕ್ಕೆ.

ಫೈಲ್, ಸೆಟ್ಟಿಂಗ್ಸ್, ಲೊಕೇಲ್ ಅನ್ನುವಲ್ಲಿ ಇಂಡಿಯಾ ಆಯ್ಕೆ ಮಾಡಿ. ಆದರೆ ಮೊದಲೇ ತಪ್ಪಾಗಿ ಓದಿಕೊಂಡ ತಾರೀಕು ತಾನಾಗಿ ಸರಿಯಾಗುವುದಿಲ್ಲ, ಅವನ್ನು ಮತ್ತೆ ಬರೆಯಬೇಕು. ಬೇರೆ ಬೇರೆ ಸಾಫ್ಟ್‌ವೇರ್ ನಡುವೆ ಪಟ್ಟಿ ಕಳಿಸುವಾಗ 2025-06-05 ಅಂತ ವರ್ಷ, ತಿಂಗಳು, ದಿನ ಬರೆಯಿರಿ. ಅದು ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಮಾದರಿ. ಅಕ್ಷರ ಅಂತ ಓದಿದರೂ ಸಾಲು ಸರಿಯಾಗೇ ಬರುತ್ತದೆ.

ತಾರೀಕು ಒಂದೇ ದಿನ ಹಿಂದೆ ಮುಂದೆ ಆಗುತ್ತಿದ್ದರೆ ಖಾತೆಯ ಟೈಮ್ ಝೋನ್ ನೋಡಿ. ನಮ್ಮ ಮಧ್ಯರಾತ್ರಿ ಅಂದರೆ ಯುಟಿಸಿ ಅನ್ನುವ ಜಾಗತಿಕ ಸಮಯದ ಲೆಕ್ಕದಲ್ಲಿ ಹಿಂದಿನ ದಿನದ ಸಂಜೆ ಆರೂವರೆ.

ಟಾಸ್ಕ್ ಹೆಸರು ಕನ್ನಡದಲ್ಲಿ ಬರೆದರೆ ಸಾರ್ಟ್ ಸರಿಯಾಗಿ ಆಗುತ್ತದಾ?

ಬಹುಪಾಲು ಆಗುತ್ತದೆ. ಕನ್ನಡದಲ್ಲೇ ಬರೆಯಿರಿ ಅಂತ ನಾನು ಒತ್ತಿ ಹೇಳುತ್ತೇನೆ. ಮೇಸ್ತ್ರಿಗೆ ಓದಲು ಬರುವ ಪಟ್ಟಿಯೇ ಬಳಕೆಯಾಗುವ ಪಟ್ಟಿ. ಕೆಲವು ಸಣ್ಣ ತೊಡಕುಗಳು ಇವೆ.

ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಸಾಫ್ಟ್‌ವೇರ್ ಆ ಸಂಖ್ಯೆಯನ್ನೇ ನೋಡಿ ಜೋಡಿಸಿದರೆ 'ಳ' ನಮ್ಮ ವರ್ಣಮಾಲೆಯ ಹಾಗೆ 'ಹ' ಆದ ಮೇಲೆ ಬರುವುದಿಲ್ಲ, 'ಲ' ಪಕ್ಕದಲ್ಲೇ, 'ವ'ಕ್ಕಿಂತ ಮುಂಚೆ ಬರುತ್ತದೆ. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಕಸಬಾ ಮೊದಲು, ಕಳಸ ಆಮೇಲೆ. ಹೀಗೆ ಜೋಡಿಸುವ ಸಾಫ್ಟ್‌ವೇರಿನಲ್ಲಿ ಕಳಸ ಮೊದಲು. ತಪ್ಪೇನಲ್ಲ, ಹುಡುಕುವಾಗ ಗೊತ್ತಿದ್ದರೆ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರುಗಳೆಲ್ಲ ಕನ್ನಡದ ಹೆಸರುಗಳಿಗಿಂತ ಮುಂಚೆ ಬರುತ್ತವೆ. ಹಾಗಾಗಿ ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಬರೆದರೆ ಒಂದೇ ಬ್ಲಾಕಿನ ಕೆಲಸ ಎರಡು ಕಡೆ ಹಂಚಿಹೋಗುತ್ತದೆ. ಸಂಖ್ಯೆಯಲ್ಲೂ ಹಾಗೇ. ಒಬ್ಬರು ೧೦ ಅಂತ, ಇನ್ನೊಬ್ಬರು 10 ಅಂತ ಬರೆದರೆ ಎರಡೂ ಒಟ್ಟಿಗೆ ಬರುತ್ತವೆ ಅನ್ನುವ ಭರವಸೆ ಇಲ್ಲ.

ಕಣ್ಣಿಗೆ ಕಾಣದ ಇನ್ನೊಂದು ತೊಂದರೆ. 'ಕೊ' ಅನ್ನುವುದನ್ನು ಒಂದೇ ಸ್ವರಚಿಹ್ನೆಯಿಂದಲೂ ಮಾಡಬಹುದು, ಎರಡು ಚಿಹ್ನೆ ಸೇರಿಸಿಯೂ ಮಾಡಬಹುದು. ನೋಡಲು ಒಂದೇ ಥರ. ಕೆಲವು ಸಾಫ್ಟ್‌ವೇರಿಗೆ ಮಾತ್ರ ಅವು ಬೇರೆ ಬೇರೆ. ಹೆಸರಿನ ಕೊನೆಯಲ್ಲಿ ಉಳಿದ ಸ್ಪೇಸ್ ಕೂಡ ಹೀಗೇ ಕಾಡುತ್ತದೆ. ಬ್ಲಾಕ್, ಜನ, ಕೆಲಸದ ಬಗೆ, ಇವನ್ನು ಪ್ರತಿ ಸಲ ಟೈಪ್ ಮಾಡಬೇಡಿ. ಡ್ರಾಪ್‌ಡೌನ್ ಮಾಡಿಟ್ಟು ಅದರಿಂದ ಆರಿಸಿ.

ಒಂದು ಮುಗಿಯದೆ ಇನ್ನೊಂದು ಶುರುವಾಗಲ್ಲ. ಸಾರ್ಟ್‌ಗೆ ಇದು ಗೊತ್ತಾಗುತ್ತದಾ?

ಸಾದಾ ಸಾರ್ಟ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಡಿಪೆಂಡೆನ್ಸಿ ಅಂತ ಬೇರೆ ಕೊಂಡಿ ಹಾಕಬೇಕು.

ಅರೇಬಿಕಾ ಕೊಯ್ಲು ನೋಡಿ. ಹಣ್ಣು ಕೊಯ್ದ ದಿನವೇ ಪಲ್ಪಿಂಗ್, ಅಂದರೆ ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸುವುದು, ಆಗಬೇಕು. ಆಮೇಲೆ ತೊಳೆಯುವುದು, ಆಮೇಲೆ ಕಣದಲ್ಲಿ ಒಣಗಿಸುವುದು. ಪಲ್ಪರ್ ಸರ್ವಿಸ್ ಆಗದೆ ಕೊಯ್ಲು ಶುರು ಮಾಡಿದರೆ ಹಣ್ಣು ರಾಶಿ ಬೀಳುತ್ತದೆ. ತಾರೀಕಿನ ಸಾರ್ಟ್‌ನಲ್ಲಿ 'ಪಲ್ಪರ್ ಸರ್ವಿಸ್' ಮತ್ತು 'ಮೊದಲ ಕೊಯ್ಲು' ಎರಡೂ ಒಂದೇ ವಾರದಲ್ಲಿದ್ದರೆ ಯಾವುದು ಬೇಕಾದರೂ ಮೇಲೆ ಬರಬಹುದು. ಕೊಂಡಿ ಹಾಕಿದರೆ ಸರ್ವಿಸ್ ಮುಗಿಯುವವರೆಗೆ ಕೊಯ್ಲಿನ ಟಾಸ್ಕ್ 'ಕಾಯುತ್ತಿದೆ' ಅಂತ ತೋರಿಸುತ್ತದೆ.

ಕಟ್ಟಡದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಮೋಲ್ಡ್ ಹಾಕಿದ ಮರುದಿನ ಸೆಂಟ್ರಿಂಗ್ ಬಿಚ್ಚುವಂತಿಲ್ಲ. ಕಾಂಕ್ರೀಟಿಗೆ ದಿನ ಬೇಕು. ಮೈಕ್ರೋಸಾಫ್ಟ್ ಪ್ರಾಜೆಕ್ಟಿನಲ್ಲಿ ಈ ನಡುವಿನ ಕಾಯುವಿಕೆಗೆ ಲ್ಯಾಗ್ ಅಂತ ಹಾಕುತ್ತಾರೆ. ಲ್ಯಾಗ್ ಹಾಕದೆ ಬರೀ ಕೊಂಡಿ ಹಾಕಿದರೆ ಪಟ್ಟಿ ಮರುದಿನವೇ ಬಿಚ್ಚಿ ಅನ್ನುತ್ತದೆ.

ಕೊಂಡಿ ಇರುವ ಕೆಲಸಗಳನ್ನು ಒಂದು ಸಾಲಿಗೆ ತರುವ ವಿಧಾನ ಸರಳ. ಯಾವುದಕ್ಕೂ ಕಾಯದ ಕೆಲಸವನ್ನು ಮೊದಲು ಬರೆಯಿರಿ, ಅದನ್ನು ಪಟ್ಟಿಯಿಂದ ತೆಗೆಯಿರಿ. ಈಗ ಯಾವುದಕ್ಕೂ ಕಾಯದ ಹೊಸ ಕೆಲಸ ಸಿಗುತ್ತದೆ, ಅದನ್ನು ಬರೆಯಿರಿ. ಹೀಗೇ ಮುಂದುವರಿಸಿ. ಎ.ಬಿ. ಕಾನ್ 1962ರಲ್ಲಿ ಕಂಪ್ಯೂಟರಿಗೆ ಕೊಟ್ಟ ವಿಧಾನ ಇದೇ. ಪೇಪರಿನ ಮೇಲೂ ಮಾಡಬಹುದು. ಕೆಲಸಗಳು ಉಳಿದಿದ್ದರೂ ಕಾಯದ ಕೆಲಸ ಒಂದೂ ಸಿಗದಿದ್ದರೆ ಎಲ್ಲೋ ಸುತ್ತು ಬಿದ್ದಿದೆ ಅಂತ ಅರ್ಥ. ಎ ಕೆಲಸ ಬಿಗೆ, ಬಿ ಕೆಲಸ ಎಗೆ ಕಾಯುತ್ತಿರುತ್ತವೆ. ಹೋಂಸ್ಟೇ ಕಟ್ಟುವವರಲ್ಲಿ ಇದು ಆಗುತ್ತಿರುತ್ತದೆ. ಫೋಟೋ ಬಂದ ಮೇಲೆ ಬುಕಿಂಗ್, ಬುಕಿಂಗ್ ದುಡ್ಡು ಬಂದ ಮೇಲೆ ಪೀಠೋಪಕರಣ, ಪೀಠೋಪಕರಣ ಬಂದ ಮೇಲೆ ಫೋಟೋ. ಇಂಥದ್ದನ್ನು ಯಾವ ಸಾರ್ಟೂ ಬಿಡಿಸಿಕೊಡುವುದಿಲ್ಲ. ಮನುಷ್ಯರೇ ಒಂದು ಕೊಂಡಿ ಕತ್ತರಿಸಬೇಕು. ಒಂದು ರೂಮಿಗೆ ಮಾತ್ರ ಮೊದಲು ಸಾಮಾನು ತಂದು ಅದರ ಫೋಟೋ ತೆಗೆದರೆ ಸುತ್ತು ಬಿಚ್ಚುತ್ತದೆ.

ಸಾರ್ಟ್ ಮಾಡಿದರೆ ಸಬ್‌ಟಾಸ್ಕ್‌ಗಳು ಚೆಲ್ಲಾಪಿಲ್ಲಿ ಆಗುತ್ತವೆ.

ಮೈಕ್ರೋಸಾಫ್ಟ್ ಪ್ರಾಜೆಕ್ಟಿನಲ್ಲಿ 'ಕೀಪ್ ಔಟ್‌ಲೈನ್ ಸ್ಟ್ರಕ್ಚರ್' ಅನ್ನುವುದನ್ನು ಟಿಕ್ ಮಾಡಿ. ಆಗ ದೊಡ್ಡ ಟಾಸ್ಕಿನ ಕೆಳಗೇ ಅದರ ಸಣ್ಣ ಟಾಸ್ಕ್‌ಗಳು ಉಳಿಯುತ್ತವೆ. ಶೀಟಿನಲ್ಲಿ ಮುಂದೆ ಸ್ಪೇಸ್ ಬಿಟ್ಟು ಬರೆದ ಸಬ್‌ಟಾಸ್ಕಿಗೆ ರಕ್ಷಣೆ ಇಲ್ಲ. ಪ್ರತಿ ಸಾಲಿನಲ್ಲೂ ದೊಡ್ಡ ಟಾಸ್ಕಿನ ಹೆಸರಿಗೆ ಒಂದು ಕಾಲಂ ಇಡಿ.

ವರ್ಷ ವರ್ಷ ಬರುವ ಕೆಲಸಗಳಿಗೆ ಹಳೇ ಪಟ್ಟಿಯನ್ನೇ ಕಾಪಿ ಮಾಡಬಹುದಾ?

ಕ್ರಮವನ್ನು ಕಾಪಿ ಮಾಡಿ, ತಾರೀಕನ್ನು ಬೇಡ. ಹಾಸನಾಂಬ ದರ್ಶನ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಪ್ರತಿ ವರ್ಷ ತಾರೀಕು ಬೇರೆ. ಆ ಸಮಯಕ್ಕೆ ಲಾಡ್ಜ್, ಹೋಟೆಲ್, ಪಾರ್ಕಿಂಗ್ ತಯಾರಿ ಮಾಡುವವರು 'ಬಾಗಿಲು ತೆರೆಯುವ ದಿನಕ್ಕೆ 15 ದಿನ ಮೊದಲು', '7 ದಿನ ಮೊದಲು' ಅಂತ ಬರೆದಿಟ್ಟುಕೊಳ್ಳಬೇಕು. ಶೀಟಿನಲ್ಲಿ ಮೇಲೊಂದು ಕೋಶದಲ್ಲಿ ಆ ವರ್ಷದ ದಿನ ಹಾಕಿ, ಉಳಿದ ತಾರೀಕುಗಳನ್ನು ಅದರಿಂದ ಕಳೆಯಿರಿ. ಒಂದು ಕೋಶ ಬದಲಿಸಿದರೆ ಇಡೀ ಪಟ್ಟಿ ಹೊಸ ವರ್ಷಕ್ಕೆ ಬರುತ್ತದೆ.

ಕಾಫಿ ಹೂ ಅರಳಿಸುವ ಹೂ ಮಳೆಗೆ ಇದೂ ಆಗುವುದಿಲ್ಲ, ಅದು ಯಾವಾಗ ಬೀಳುತ್ತದೆ ಅಂತ ಯಾರೂ ಹೇಳಲಾರರು. ಅಂಥ ಕೆಲಸಗಳನ್ನು 'ಮಳೆ ಬಿದ್ದ ಮೇಲೆ' ಅನ್ನುವ ಪ್ರತ್ಯೇಕ ಲಿಸ್ಟಿನಲ್ಲಿ, ಮಾಡಬೇಕಾದ ಕ್ರಮದಲ್ಲಿ ಜೋಡಿಸಿಡಿ. ಮಳೆ ಬಿದ್ದ ದಿನ ತಾರೀಕು ತುಂಬಿ.

ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಆಫ್‌ಲೈನಿನಲ್ಲಿ ಕ್ರಮ ಬದಲಿಸಿದರೆ ಏನಾಗುತ್ತದೆ?

ಫೋನ್ ಅದನ್ನು ಹಿಡಿದಿಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ, ಆ್ಯಪ್ ಆಫ್‌ಲೈನ್ ಬಳಕೆಗೆ ಬಿಡುವುದಾದರೆ. ಅಷ್ಟರಲ್ಲಿ ಮನೆಯಲ್ಲಿ ಕೂತವರು ಅದೇ ಟಾಸ್ಕನ್ನು ಬೇರೆ ಕಡೆ ಎಳೆದಿದ್ದರೆ ಸಾಮಾನ್ಯವಾಗಿ ಕೊನೆಗೆ ಸರ್ವರಿಗೆ ತಲುಪಿದ್ದು ಉಳಿಯುತ್ತದೆ. ಮೂಡಿಗೆರೆ, ಕಳಸದ ಒಳಗಿನ ಕಡೆಯವರಿಗೆ, ಅದರಲ್ಲೂ ಮಳೆಗಾಲದಲ್ಲಿ, ಇದು ದಿನನಿತ್ಯದ ಮಾತು. ಕ್ರಮ ಬದಲಿಸುವ ಕೆಲಸ ಒಬ್ಬರಿಗೇ ಇರಲಿ. ಉಳಿದವರು ಟಾಸ್ಕ್ ಮುಗಿಸಿದ್ದಕ್ಕೆ ಟಿಕ್ ಹಾಕಲಿ, ಕಾಮೆಂಟ್ ಬರೆಯಲಿ. ಅವು ಒಂದಕ್ಕೊಂದು ಅಡ್ಡ ಬರುವುದು ಕಡಿಮೆ.

ಮೇಸ್ತ್ರಿ, ಕೆಲಸದವರು ಆ್ಯಪ್ ತೆರೆಯುವುದೇ ಇಲ್ಲ. ಇಷ್ಟು ಜೋಡಿಸಿ ಏನು ಪ್ರಯೋಜನ?

ತೆರೆಯಲೇಬೇಕು ಅಂತ ಹಟ ಹಿಡಿಯಬೇಡಿ. ಹಿಂದಿನ ದಿನ ಸಂಜೆ ನೀವು ಕ್ರಮ ನೋಡಿ, ಮೇಲಿನ ಐದಾರು ಸಾಲು ಮಾತ್ರ ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸಿ. ಟೈಪ್ ಮಾಡಿ ಕಳಿಸಿ, ಸ್ಕ್ರೀನ್‌ಶಾಟ್ ಬೇಡ. ಸ್ಕ್ರೀನ್‌ಶಾಟಿನಲ್ಲಿ ಅಕ್ಷರ ಸಣ್ಣದಾಗುತ್ತದೆ, ಬೇಡದ ಕಾಲಂಗಳೂ ಸೇರಿಕೊಳ್ಳುತ್ತವೆ. ಓದಲು ಕಷ್ಟ ಇರುವವರಿಗೆ ಅದೇ ಕ್ರಮದಲ್ಲಿ ವಾಯ್ಸ್ ಮೆಸೇಜ್ ಹಾಕಿ: ಮೊದಲು ಕಣ, ಆಮೇಲೆ ಮೇಲಿನ ಬ್ಲಾಕಿನ ಕಪಾತು, ಟೈಮ್ ಉಳಿದರೆ ಕೆರೆ ಹತ್ತಿರದ ಪೈಪು.

ಮಳೆ ಬಂದರೆ ಏನು ಮಾಡಬೇಕು ಅನ್ನುವ ಒಂದು ಕೆಲಸವನ್ನು ಕೊನೆಗೆ ಬೇರೆಯಾಗಿ ಸೇರಿಸಿ. ಶೆಡ್ಡಿನೊಳಗೆ ಚೀಲ ಹೊಲಿಯುವುದು, ಸಾಮಾನು ಲೆಕ್ಕ ತೆಗೆಯುವುದು, ಇಂಥದ್ದು. ಅದು ಇಲ್ಲದಿದ್ದರೆ ಮೊದಲ ಹನಿ ಬಿದ್ದಾಗಲೇ ನಿಮಗೆ ಫೋನ್ ಬರುತ್ತದೆ. ಮೆಸೇಜಿನ ಮೇಲ್ಗಡೆ ಯಾವ ದಿನದ್ದು ಅಂತ ವಾರ ಸಮೇತ ಬರೆಯುವುದನ್ನು ಮರೆಯಬೇಡಿ. ಒಳಗಿನ ತೋಟಗಳಲ್ಲಿ ಸೋಮವಾರದ ಮೆಸೇಜ್ ಮಂಗಳವಾರ ಬೆಳಿಗ್ಗೆ ತಲುಪಿದರೆ, ಓದಿದವರಿಗೆ ಅದು ಹಳೆಯದು ಅಂತ ಗೊತ್ತಾಗಬೇಕಲ್ವಾ.